ಬೆಸುಗೆ ಯಾರದು

ಕಂಪ್ಯೂಟರಿನ ಡಬ್ಬಿ ಬಿಚ್ಚಿ ಒಳಗಿನ ಧೂಳನ್ನು ಒಂದು ಚಿಟಿಕೆ ಬೆರಳಿಗೆ ತೆಗೆದುಕೊಂಡರೆ ಸಾಕು, ಅದು ಯಾವ ಊರಿನಿಂದ ಬಂದದ್ದು ಎಂದು ಕಂಪ್ಯೂಟರ್ ರಿಪೇರಿಯ ಕಾಕಾ ಹೇಳಿಬಿಡುತ್ತಿದ್ದರು. ಕೆಂಪಗಿದ್ದು ಮೂಗಿಗೆ ಏರಿದರೆ ಬ್ಯಾಡಗಿಯದು, ಮೆಣಸಿನಕಾಯಿ ದಲಾಲರ ಅಂಗಡಿಯದು. ಗುಲಾಬಿ ಬಣ್ಣದ ಪುಡಿ ಇದ್ದರೆ ಅವರದೇ ಊರಾದ ರಾಣೆಬೆನ್ನೂರಿನ ಬೀಜದ ಕಂಪನಿಯದು. ಬೀಜಕ್ಕೆ ಹಚ್ಚುವ ಔಷಧದ ಬಣ್ಣ ಅದು. ಬಣ್ಣವೂ ಇಲ್ಲದೆ ವಾಸನೆಯೂ ಇಲ್ಲದೆ ಬರೀ ಕಾಗದದ ಹೊಟ್ಟಿದ್ದರೆ ಹಾವೇರಿಯದು. "ನಿಮ್ಮ ಊರಾಗ ಕಚೇರಿ ಬಿಟ್ರ ಏನೈತಿ, ಧೂಳಿಗೂ ರುಚಿ ಇಲ್ಲ" ಎಂದು ನನ್ನನ್ನು ಕೆಣಕುತ್ತಿದ್ದರು. ನಾನು ಹಾವೇರಿಯವಳು, ಕೆಣಕಿದರೆ ಸುಮ್ಮನಿರುವವಳಲ್ಲ. "ಏಲಕ್ಕಿ ಹಾರ ಮಾಡೋ ಊರಿಗೆ ರುಚಿ ಇಲ್ಲ ಅಂತೀರಲ್ರಿ ಕಾಕಾ" ಎಂದರೆ, "ಆ ಹಾರ ದೊಡ್ಡವರ ಕೊಳ್ಳಾಗ ಬೀಳ್ತಾವವಾ, ಡಬ್ಬ್ಯಾಗ ಬೀಳೂದಿಲ್ಲ" ಎನ್ನುತ್ತಿದ್ದರು.

ಈ ಶ್ರಾವಣದಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅಷ್ಟು ವರ್ಷ ಅಂಗಡಿಗೆ ಒಂದು ಬೋರ್ಡು ಕೂಡ ಹಾಕದೆ ಕಳೆದ ಮನುಷ್ಯನ ಹೆಸರನ್ನು ಈಗ ನಾನು ಅಚ್ಚು ಹಾಕಿಸಿದರೆ ಎದ್ದು ಬಂದು ಬೈದಾರು. ಬೋರ್ಡು ಯಾಕಿಲ್ಲ ಎಂದು ಕೇಳಿದವರಿಗೆ ಅವರ ಉತ್ತರ ತಯಾರಿರುತ್ತಿತ್ತು: "ಮಶೀನ್ ಕೆಟ್ಟ ಮ್ಯಾಲ ಜನ ಹೆಂಗರ ಹುಡುಕ್ಕೊಂಡು ಬರ್ತಾರ. ಕೆಡೋಕಿಂತ ಮೊದಲ ಬೋರ್ಡ್ ನೋಡಿದ್ರೂ ಬರೂದಿಲ್ಲ." ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಒಂದು ಸಂದಿಯಲ್ಲಿ ಅವರ ಮನೆ, ಮನೆಯ ಪಡಸಾಲೆಯೇ ಅಂಗಡಿ. ಅವರ ಸ್ವಂತ ಕಂಪ್ಯೂಟರಿಗೆ ಡಬ್ಬಿಯೇ ಇರಲಿಲ್ಲ. ಎಲ್ಲ ಭಾಗಗಳನ್ನೂ ಒಂದು ಹಲಗೆಗೆ ಜೋಡಿಸಿ ಗೋಡೆಗೆ ಮೊಳೆ ಹೊಡೆದಿದ್ದರು. ಪಕ್ಕದಲ್ಲೇ ಕ್ಯಾಲೆಂಡರು, ಅದರ ಪಕ್ಕದಲ್ಲಿ ದೇವರು. ಸಂಜೆ ಅವರ ಹೆಂಡತಿ, ನಮ್ಮ ಕಾಕು, ಊದಿನಕಡ್ಡಿ ಬೆಳಗುವಾಗ ಮೂರಕ್ಕೂ ಬೆಳಗಿ ಹೋಗುತ್ತಿದ್ದರು.

ನಾನು ಅವರಲ್ಲಿಗೆ ಮೊದಲ ಸಲ ಹೋದದ್ದು ಸಿಟ್ಟಿನಲ್ಲಿ. ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬ್ಯಾನರು, ಕೋರ್ಟಿನ ಅರ್ಜಿ, ಯಾರು ಏನು ತಂದರೂ ಟೈಪು ಮಾಡಿಕೊಡುವವಳು. ಲಗ್ನದ ಹಂಗಾಮಿನಲ್ಲಿ ಮಶೀನು ಕಣ್ಣು ಮುಚ್ಚಿತು. ಪರದೆ ಕಪ್ಪು, ಒಳಗಿನಿಂದ ಮೂರು ಸಲ ಕುಂಯ್ ಎಂಬ ಸದ್ದು. ಹಾವೇರಿಯ ಇಬ್ಬರು ನೋಡಿ, ಇದು ಹಳೇದು, ಹೊಸದೇ ತಗೊಳ್ಳಿ ಎಂದಿದ್ದರು. ನಾನೂ ಹೊಸದರ ಆಸೆಗೆ ಬಿದ್ದಿದ್ದೆ. ಯಾರೋ ರಾಣೆಬೆನ್ನೂರಿನಲ್ಲಿ ಒಮ್ಮೆ ತೋರಿಸು ಎಂದರು ಎಂದು, ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ.

ಅವರು ಮೊದಲು ಡಬ್ಬಿಯ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತರು. ಆಮೇಲೆ ಮೂರು ಪ್ರಶ್ನೆ. "ಏನಾಗೈತಿ? ಯಾವಾಗಿಂದ? ಅದಕ್ಕ ಮೊದಲ ನೀವೇನ್ ಮಾಡಿದ್ರಿ?" ಮೂರನೆಯದಕ್ಕೆ ಎಲ್ಲರೂ ಕೊಡುವ ಉತ್ತರವನ್ನೇ ಕೊಟ್ಟೆ, "ನಾ ಏನೂ ಮಾಡಿಲ್ರಿ." ಅವರು ನಕ್ಕು ಒಳಗೆ ಎರಡು ಕಪ್ ಚಹಾ ಹೇಳಿದರು. ಬಂದವರು ಚಹಾ ಕುಡಿಯುವ ತನಕ ಅವರು ತೀರ್ಪು ಹೇಳುತ್ತಿರಲಿಲ್ಲ. ಚಹಾ ಮುಗಿದ ಮೇಲೆ ಡಬ್ಬಿಯೊಳಗಿನಿಂದ ಮೆಮೊರಿಯ ಒಂದು ಉದ್ದನೆಯ ಹಸಿರು ಪಟ್ಟಿ ಕಿತ್ತರು, ಅಂಗಿಯ ಜೇಬಿನಿಂದ ಶಾಲೆಯ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದು ಅದರ ತುದಿಯನ್ನು ತಿಕ್ಕಿದರು, ಊದಿ ಮತ್ತೆ ಕೂಡಿಸಿದರು. ಪರದೆ ಬೆಳಗಿತು, ಫೈಲು ತೆರೆದರೆ ಅರ್ಧಕ್ಕೆ ನಿಂತಿದ್ದ ಲಗ್ನಪತ್ರಿಕೆಯ ಮದುಮಗನ ಹೆಸರು ಮೂಡಿತು.

ನನಗೆ ಖುಷಿಯಾಗಬೇಕಿತ್ತು. ನಿಜ ಹೇಳುತ್ತೇನೆ, ಮೋಸ ಹೋದಂತಾಯಿತು. ಇಷ್ಟು ದೂರ ಹೊತ್ತು ತಂದದ್ದು ರಬ್ಬರಿನಲ್ಲಿ ತಿಕ್ಕಿಸಿಕೊಳ್ಳುವುದಕ್ಕೇ? "ಹೊಸದು ತಗೊಳ್ಳೂದು ಬ್ಯಾಡೇನ್ರಿ?" ಎಂದು ಕೇಳಿದೆ, ದನಿಯಲ್ಲಿ ಬೇಸರ ಇದ್ದಿರಬೇಕು. "ಹೊಸದು ಬೇಕಾಗಿದ್ರ ಸೀರಿ ತಗೋರಿ" ಎಂದರು. ಅಂದಿನಿಂದ ನಮಗೆ ಗೆಳೆತನ. ರಿ ಬಿಟ್ಟು ನನ್ನನ್ನು ಯವ್ವಾ ಎನ್ನುವುದಕ್ಕೆ ಅವರಿಗೆ ಎರಡು ಭೇಟಿ ಸಾಕಾಯಿತು.

ಹಾಗೆಂದು ಅವರು ಹಳೆಯದಕ್ಕೆಲ್ಲ ತೇಪೆ ಹಚ್ಚುವ ಜಿಪುಣರಲ್ಲ. ಅವರದೊಂದು ನಿಯಮವಿತ್ತು, ಬಂದವರಿಗೆಲ್ಲ ಹೇಳುತ್ತಿದ್ದರು: "ಕೆಟ್ಟಿದ್ದು ಒಂದ ಸಾಯ್ತೈತೋ, ಮಗ್ಗಲದ್ದನ್ನೂ ಕರ್ಕೊಂಡು ಹೋಗ್ತೈತೋ, ಅಷ್ಟ ನೋಡ್ರಿ. ಒಂದ ಸಾಯೂದಿದ್ರ ರಿಪೇರಿ ಮಾಡೂಣು, ನಡದಷ್ಟ ದಿನ ನಡೀಲಿ. ಮಗ್ಗಲದ್ದಕ್ಕೂ ಕೈ ಹಾಕೂದಿದ್ರ ಇವತ್ತ ತಗದ ಒಗೀಬೇಕು." ಕೀಬೋರ್ಡು, ಮೌಸು ಒಂದೇ ಸಾಯುವ ಜಾತಿ. ಅವಕ್ಕೆ ಎಷ್ಟು ಸಲ ಬೇಕಾದರೂ ಜೀವ ಕೊಡುತ್ತಿದ್ದರು. ಸದ್ದು ಮಾಡುವ ಫ್ಯಾನಿಗೆ ಹೊಲಿಗೆ ಮಶೀನಿನ ಎಣ್ಣೆ ಬಿಡುತ್ತಿದ್ದರು. ಆದರೆ ಕರೆಂಟು ಹಂಚುವ ಪವರ್ ಸಪ್ಲೈ ಪೆಟ್ಟಿಗೆಯಿಂದ ಸ್ವಲ್ಪ ಸುಟ್ಟ ವಾಸನೆ ಬಂದರೂ ಮುಗಿಯಿತು, ರಿಪೇರಿ ಮಾಡಿ ಎಂದು ಕಾಲು ಹಿಡಿದರೂ ಮುಟ್ಟುತ್ತಿರಲಿಲ್ಲ.

ಹಾರ್ಡ್ ಡಿಸ್ಕಿನ ವಿಷಯದಲ್ಲಂತೂ ಜಗಳವೇ ಆಗಿತ್ತು. ನನ್ನ ಡಿಸ್ಕು ಚೆನ್ನಾಗಿಯೇ ಓಡುತ್ತಿತ್ತು. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಬೆನ್ನಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಡಾಕ್ಟರ ಹಾಗೆ ಕಣ್ಣು ಮುಚ್ಚಿ ಕೇಳಿ, "ಬದಲಸು" ಎಂದರು.

"ನಡ್ಯಾಕತ್ತೈತಲ್ರಿ ಕಾಕಾ."

"ನಡಿಯೂದರಾಗ ಬದಲಸಬೇಕು. ನಿಂತ ಮ್ಯಾಲ ಬದಲಿಸಿದ್ರ ಡಿಸ್ಕ್ ಹೊಸದು ಬರ್ತೈತಿ, ಒಳಗಿನ ಮಾಲು ಬರೂದಿಲ್ಲ."

ಗೊಣಗಿಕೊಂಡೇ ಬದಲಿಸಿದೆ. ತೆಗೆದ ಹಳೆಯದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಯಾರಿಗೇ ಆಗಲಿ, ತೆಗೆದ ಭಾಗವನ್ನು ಹಾಗೆ ಸುತ್ತಿ ಕೊಡುವುದು ಅವರ ಪದ್ಧತಿ. ಹದಿನೈದು ದಿನಕ್ಕೆ ನೋಡೋಣವೆಂದು ಆ ಹಳೆಯದನ್ನು ಜೋಡಿಸಿದೆ. ಕಟಕ್ ಕಟಕ್ ಎಂದಿತು, ಅಷ್ಟೇ. ಅವರು ಮೊದಲೇ ಹೊಸದಕ್ಕೆ ಇಳಿಸಿಕೊಡದಿದ್ದರೆ ನಾನು ಮಾಡಿದ ಅಷ್ಟೂ ವರ್ಷದ ಕೆಲಸ ಅದರೊಳಗೇ ಹೋಗುತ್ತಿತ್ತು.

ಮಹಾನವಮಿಯ ಮರುದಿನ ಅವರ ಪಡಸಾಲೆಯನ್ನು ನೋಡಬೇಕಿತ್ತು. ನಮ್ಮ ಕಡೆ ಖಂಡೇ ಪೂಜೆಗೆ ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನ ತನಕ ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಕಂಪ್ಯೂಟರಿನ ಪಾಲಿಗೂ ಅವು ತಪ್ಪುವುದಿಲ್ಲ. ಬೆಳಿಗ್ಗೆಯೇ ಬಾಗಿಲಿಗೆ ಬಂದು ಸಾಲಾಗಿ ಕೂತ ಡಬ್ಬಿಗಳಿಂದ ತೆಂಗಿನಕಾಯಿಯ ನೀರಿನ ವಾಸನೆ ಬರುತ್ತಿತ್ತು. ಗಾಳಿ ಆಡುವ ತೂತಿಗೆ ಸರಿಯಾಗಿ ಯಾರೋ ಅರಿಷಿಣ ಬಳಿದಿರುತ್ತಿದ್ದರು. "ಪೂಜಿ ಪರದೆಗೆ ಮಾಡ್ರಿ, ಡಬ್ಬಿಗೆ ದೂರಿಂದ ಕೈ ಮುಗೀರಿ" ಎಂದು ಪ್ರತಿ ವರ್ಷ ಹೇಳುತ್ತಿದ್ದರು. ಪ್ರತಿ ವರ್ಷ ಡಬ್ಬಿಗಳು ಬರುತ್ತಿದ್ದವು.

ಬ್ಯಾಡಗಿಯ ಒಬ್ಬ ದಲಾಲರಂತೂ ಇನ್ನೂ ಮುಂದೆ ಹೋದರು. ಧೂಳು ತೆಗೆಯುತ್ತಿದ್ದರೆ ಮಶೀನು ಬಾಳಿಕೆ ಬರುತ್ತದೆ ಎಂದು ಕಾಕಾ ಅವರೇ ಹೇಳಿದ್ದು. ಆ ಮಹಾಶಯರು ಗಾಳಿ ಊದುವ ಬ್ಲೋವರ್ ತಂದು, ಬಾಗಿಲು ಕಿಟಕಿ ಹಾಕಿಕೊಂಡು, ಎರಡು ವರ್ಷದ ಮೆಣಸಿನಕಾಯಿ ಪುಡಿ ಕೂತಿದ್ದ ಡಬ್ಬಿಗೆ ಊದಿದರು. ಒಳಗಿದ್ದವರೆಲ್ಲ ಕೆಮ್ಮುತ್ತ, ಸೀನುತ್ತ ಬಾಗಿಲು ಸಿಗದೆ ಒಬ್ಬರನ್ನೊಬ್ಬರು ತುಳಿದರಂತೆ. ಮರುದಿನ ಕೆಂಪು ಕಣ್ಣಿನಲ್ಲೇ ಡಬ್ಬಿ ಹೊತ್ತು ಬಂದರು. ಕಾಕಾ ಮಶೀನು ನೋಡಿ, ಅವರ ಮುಖವನ್ನೂ ನೋಡಿ, "ಇದು ಆರಾಮ ಐತ್ರಿ, ನೀವ ಡಾಕ್ಟರ್ ಕಡೆ ಹೋಗ್ರಿ" ಎಂದು ಕಳಿಸಿದರು.

ಕಣ್ಣಿನ ಡಾಕ್ಟರ ಕಡೆ ಹೋಗಬೇಕಾದವರು ಕಾಕಾ ಅವರೇ ಎಂದು ನನಗೆ ಗೊತ್ತಾದದ್ದು ಆಮೇಲೆ. ನನ್ನ ಮಶೀನಿನ ಬೋರ್ಡಿನಲ್ಲಿ ಎರಡು ಕೆಪ್ಯಾಸಿಟರು ಹೊಟ್ಟೆ ಉಬ್ಬಿಸಿಕೊಂಡಿದ್ದವು. ಕಡಲೆಕಾಳಿಗಿಂತ ತುಸು ದೊಡ್ಡ ಭಾಗಗಳು, ಕಿತ್ತು ಹೊಸದನ್ನು ಬೆಸೆದರೆ ಆಯಿತು. ಅದು ಅವರಿಗೆ ಎಡಗೈ ಕೆಲಸ. ಆದರೆ ಆವತ್ತು ಕಾದ ಬೆಸುಗೆಯ ಐರನ್ನನ್ನು ಮೂಗಿನ ಹತ್ತಿರ ತಂದುಕೊಂಡು ಬೆಸೆಯುತ್ತಿದ್ದರು. ಒಂದು ಭಾಗವನ್ನು ನನ್ನ ಕಡೆ ಚಾಚಿ, "ಬಿಳಿ ಗೆರಿ ಯಾವ ಮಗ್ಗಲಕ್ಕೈತಿ ನೋಡವಾ, ಚಸ್ಮಾ ಮರ್ತೇನಿ" ಎಂದರು. ಚಸ್ಮಾ ಮೂಗಿನ ಮೇಲೇ ಇತ್ತು. ಯಾವ ಕಾಲು ಯಾವ ತೂತಿಗೆ ಎಂದು ತಿಳಿಸುವ ಆ ಗೆರೆಯನ್ನು ನಾನು ತೋರಿಸಿದೆ, ಚಸ್ಮಾದ ಮಾತು ಎತ್ತಲಿಲ್ಲ.

ಮಶೀನು ಮಧ್ಯಾಹ್ನದ ತನಕ ನಡೆಯುತ್ತಿತ್ತು, ಕಾವೇರಿದ ಕೂಡಲೇ ನಿಲ್ಲುತ್ತಿತ್ತು. ಮತ್ತೆ ಒಯ್ದೆ, ಮತ್ತೆ ಬೆಸೆದರು, ಮತ್ತೆ ಅದೇ ಕತೆ. ಒಳಗೆ ಇಣುಕಿ ನೋಡಿದರೆ ಬೆಸುಗೆ ಬೆಲ್ಲದ ಪಾಕ ಸೋರಿದಂತೆ ಅಡ್ಡಾದಿಡ್ಡಿ ಬಿದ್ದಿತ್ತು. ಮೂರನೆಯ ಸಲ ನಾನು ರಾಣೆಬೆನ್ನೂರಿನ ಬಸ್ಸು ಹತ್ತದೆ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಅಲ್ಲೊಬ್ಬರು ಅರ್ಧ ತಾಸಿನಲ್ಲಿ ಮಾಡಿಕೊಟ್ಟರು. ಮುಂದಿನ ವಾರ ಕಾಕಾ ಫೋನ್ ಮಾಡಿ, "ಹೆಂಗ ನಡ್ಯಾಕತ್ತೈತಿ?" ಎಂದರು.

"ಭಾಳ ಛಲೋ ನಡ್ಯಾಕತ್ತೈತ್ರಿ ಕಾಕಾ."

"ನಾ ಮಾಡಿದ್ದು ಹಂಗ."

ಆ ದನಿಯಲ್ಲಿದ್ದ ಸಂತೋಷ ಕೇಳಿ, ನಾನು ಮಾಡಿದ್ದು ಪುಣ್ಯದ ಕೆಲಸ ಎಂದೇ ಅಂದುಕೊಂಡೆ. ಎಂಟು ತಿಂಗಳು ಹಾಗೆಯೇ ಅಂದುಕೊಂಡಿದ್ದೆ.

ಅವರ ಕಣ್ಣಿನ ಪೊರೆ ಕಂಡುಹಿಡಿದದ್ದು ಅವರ ಗಿರಾಕಿಯೇ ಆದ ಒಬ್ಬ ಕಣ್ಣಿನ ಡಾಕ್ಟರು. ದವಾಖಾನೆಯ ಕಂಪ್ಯೂಟರು ನೋಡಲು ಹೋದವರು ಕಾಲ ಬುಡದಲ್ಲಿ ಬಿದ್ದ ಸ್ಕ್ರೂವನ್ನು ಮೇಜಿನ ಆಚೆ ತುದಿಯಲ್ಲಿ ತಡಕಾಡುತ್ತಿದ್ದರಂತೆ. ಡಾಕ್ಟರು ಅಲ್ಲೇ ಕೂರಿಸಿ ನೋಡಿ, ಕಣ್ಣಿನೊಳಗಿನ ಲೆನ್ಸ್ ಬದಲಿಸಬೇಕು ಎಂದರು. ಕಾಕಾ ಕೂಡಲೇ ಒಪ್ಪಲಿಲ್ಲ.

"ಒರಸಿದ್ರ ಹೋಗೂದಿಲ್ಲೇನ್ರಿ?"

"ಹೋಗೂದಿಲ್ರಿ."

"ಕಂಪನಿ ಪಾರ್ಟ್ ತಗದು ಬ್ಯಾರೇದ್ದು ಹಾಕಿದ್ರ ಹೊಂದತೈತೇನ್ರಿ?"

"ನಿಮ್ಮ ಕಂಪನಿ ಬಾಗಲ ಹಾಕಿ ಭಾಳ ದಿನಾ ಆತ್ರಿ. ಒರಿಜಿನಲ್ ಎಲ್ಲಿಂದ ತರೂದು?"

ಈ ಮಾತನ್ನು ಅವರು ಆಪರೇಷನ್ ಆದ ಮೇಲೆ ಎಲ್ಲರಿಗೂ ನಗುತ್ತ ಹೇಳುತ್ತಿದ್ದರು. ಪಟ್ಟಿ ಬಿಚ್ಚಿದ ದಿನ ಪಡಸಾಲೆಗೆ ಬಂದು ಸುತ್ತ ನೋಡಿ, "ಇಷ್ಟ ಧೂಳ ಕುಂತೈತಿ, ಯಾರೂ ಹೇಳೇ ಇಲ್ಲಲ್ಲ" ಎಂದರಂತೆ. ಕಾಕು ಸಿಟ್ಟಾಗಿ ಪೊರಕೆ ಎತ್ತಿಕೊಂಡರು.

ಆಮೇಲೆ ಒಂದು ದಿನ ಹೇಳದೆ ಕೇಳದೆ ಹಾವೇರಿಗೆ ನನ್ನ ಅಂಗಡಿಗೆ ಬಂದರು. ಕಣ್ಣು ಮಬ್ಬಾಗಿದ್ದಾಗ ಮಾಡಿದ ಕೆಲಸವನ್ನು ಒಮ್ಮೆ ನೋಡಿ ಹೋಗಬೇಕು ಎಂದರು. ಬೇಡವೆನ್ನಲು ನೆಪ ಹುಡುಕುವಷ್ಟರಲ್ಲಿ ಡಬ್ಬಿಯ ಸ್ಕ್ರೂ ಬಿಚ್ಚಿದ್ದರು. ಬೋರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನನ್ನ ಕೈ ಅಲ್ಲ."

ನಾನು ಕೀಬೋರ್ಡು ಒರೆಸತೊಡಗಿದೆ.

"ಛಲೋ ಕೈ ಐತಿ. ಬೆಸುಗಿ ಯಾರದು?"

ಹೇಳಿದೆ. ಯಾವಾಗ ಎಂದು ಕೇಳಿದರು. ಅದನ್ನೂ ಹೇಳಿದೆ. ನಿಮಗೆ ಬೇಸರವಾದೀತು ಎಂದು ತಿಳಿಸಲಿಲ್ಲ ಎಂದೆ. ಅವರು ಬೋರ್ಡನ್ನು ಮೆಲ್ಲಗೆ ಕೆಳಗಿಟ್ಟರು.

"ಆವತ್ತ ಬಂದು, ಕಾಕಾ, ನಿಮಗ ಕಣ್ಣ ಕಾಣವಲ್ದು ಅಂದಿದ್ರ ಆವತ್ತ ದವಾಖಾನಿಗೆ ಹೋಗ್ತಿದ್ದೆ. ಈ ಎಂಟ ತಿಂಗಳದಾಗ ಎಷ್ಟ ಮಂದಿ ಮಶೀನ್ ಕೆಡಿಸೇನಿ ನಾ?"

ತಪ್ಪು ನನ್ನದು ಎಂದು ಗೊತ್ತಾದಾಗ ನನಗೆ ಸಿಟ್ಟು ಬೇಗ ಬರುತ್ತದೆ. "ಚಸ್ಮಾ ಮೂಗಿನ ಮ್ಯಾಲ ಇಟ್ಕೊಂಡು ಮರ್ತ ಬಂದೇನಿ ಅನ್ನೋರಿಗೆ ಯಾರ ಹೇಳಬೇಕ್ರಿ?" ಎಂದೆ.

"ನೀ ಹೇಳಬೇಕಿತ್ತು."

ಆ ಎಂಟು ತಿಂಗಳಲ್ಲಿ ಬೆಸೆದದ್ದನ್ನೆಲ್ಲ ನೋಡಿ ಬರೋಣ, ನಾಳೆ ನನ್ನ ಜೊತೆ ಬಾ ಎಂದರು. ಅಂಗಡಿ ಮುಚ್ಚಿ ಹೋದೆ.

ಮೊದಲು ಬ್ಯಾಡಗಿ. ಬ್ಲೋವರಿನ ದಲಾಲರು ನಮ್ಮನ್ನು ಕಂಡು ಗಾಬರಿಯಾದರು. "ನಮ್ಮದು ಆರಾಮ ನಡ್ಯಾಕತ್ತೈತ್ರಿ, ಬಿಚ್ಚೂದು ಬ್ಯಾಡ್ರಿ" ಎಂದು ಡಬ್ಬಿಗೆ ಅಡ್ಡ ನಿಂತರು. ಕಾಕಾ ಬಿಚ್ಚಿದರು. ಒಳಗೆ ಬೇರೆ ಕೈಯ ಬೆಸುಗೆ. ದಲಾಲರು ಚೀಲಗಳ ಕಡೆ ನೋಡುತ್ತ ನಿಂತರು. ಮುಂದಿನ ಅಂಗಡಿಯಲ್ಲೂ ಅದೇ. ಅದರಾಚೆಯವರದು ಇನ್ನೂ ಮಜಾ: ಹೊಸ ಕಂಪ್ಯೂಟರನ್ನೇ ತಂದು ಒಳಕೋಣೆಯಲ್ಲಿ ಇಟ್ಟುಕೊಂಡಿದ್ದರು. ಕಾಕಾ ಆ ದಾರಿಯಲ್ಲಿ ಹೋದರೆ ಕಾಣಲಿ ಎಂದು ಕೆಟ್ಟ ಹಳೆಯದನ್ನು ಮುಂದಿನ ಮೇಜಿನ ಮೇಲೆ ಒರೆಸಿ ಇಟ್ಟಿದ್ದರು. ಬಸ್ಸಿನಲ್ಲಿ ಕಾಕಾ ನಗತೊಡಗಿದರು. "ಇಡೀ ಜಿಲ್ಲಾಕ್ಕ ಗೊತ್ತಿತ್ತವಾ, ನನಗೊಬ್ಬಂಗ ಬಿಟ್ಟು" ಎಂದು ನಕ್ಕು ನಕ್ಕು ಹೊಸ ಕಣ್ಣಿನಿಂದ ನೀರು ಬಂತು. ನಾನೂ ನಕ್ಕೆ. ಗಂಡಾಂತರ ಕಳೆಯಿತು, ಯಾರಿಗೂ ಏನೂ ನಷ್ಟವಾಗಿಲ್ಲ ಎಂದು ಸಮಾಧಾನವಾಯಿತು.

ಮರುದಿನ ಹಾವೇರಿ ಹತ್ತಿರದ ಅಗಡಿ ಎಂಬ ಊರಿಗೆ ಹೋದೆವು. ಅಲ್ಲಿ ಒಬ್ಬ ಹೆಣ್ಣುಮಗಳು ಮನೆಯಲ್ಲೇ ಒಂದು ಹಳೆಯ ಕಂಪ್ಯೂಟರಿನಲ್ಲಿ ಊರಿನ ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದರು. ಅವರದೂ ಅದೇ ಎಂಟು ತಿಂಗಳಲ್ಲಿ ರಿಪೇರಿಗೆ ಬಂದಿದ್ದ ಮಶೀನು. ಬಾಗಿಲಲ್ಲಿ ಚಪ್ಪಲಿಗಳಿರಲಿಲ್ಲ. ಡಬ್ಬಿ ಮೂಲೆಯಲ್ಲಿ ಹಳೆಯ ಸೀರೆ ಸುತ್ತಿಕೊಂಡು ಕೂತಿತ್ತು. ಹುಡುಗಿಯರು ಈಗ ಹಾವೇರಿಗೆ ಬಸ್ಸಿನಲ್ಲಿ ಹೋಗುತ್ತಾರೆ, ಅಷ್ಟು ದೂರ ಕಳಿಸದ ಮನೆಗಳ ಹುಡುಗಿಯರು ಕಲಿಯುವುದನ್ನೇ ಬಿಟ್ಟರು ಎಂದರು. ಕಾಕಾ ಬಿಚ್ಚಿ ನೋಡಿದರು. ಬೆಸುಗೆ ಅವರದೇ, ಪಾಕ ಸೋರಿದ ಹಾಗೇ ಇತ್ತು.

"ಮತ್ತ ತರಬೇಕಿಲ್ಲೇನವಾ? ಬ್ಯಾರೆಯವರಿಗರ ತೋರಿಸಬೇಕಿಲ್ಲ?"

"ಬ್ಯಾರೆಯವರಿಗೆ ಯಾಕ್ರಿ?" ಎಂದರು ಆಕೆ. "ನೀವ ಮಾಡಿದ ಮ್ಯಾಲೂ ನಡೀಲಿಲ್ಲ ಅಂದ್ರ ಅದರ ಆಯುಷ್ಯನ ಮುಗದೈತಿ ಅಂತ ತಿಳಕೊಂಡ್ನಿರಿ."

ಕಾಕಾ ನೆಲದ ಮೇಲೆ ಕೂತು ಕೆಲಸ ಹಿಡಿದರು. ಬಿಳಿ ಗೆರೆಯನ್ನು ತಾವೇ ನೋಡಿಕೊಂಡರು. ಒಂದು ತಾಸಿಗೆ ಮಶೀನು ಎದ್ದಿತು, ಸಂಜೆಯ ತನಕ ಕಾವೇರಿದರೂ ನಿಲ್ಲಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತಾಗ ಅವರು ನನ್ನ ಮುಖ ನೋಡದೆ, "ಎಲ್ಲಾರಕಿಂತ ಆಕಿ ನನ್ನ ನಂಬಿದ್ಲು. ಲುಕ್ಸಾನ ಆಕಿಗೇ ಆತು ನೋಡು" ಎಂದರು. ನನಗೆ ಅಳು ಬಂತು. ಅವರ ಮನಸ್ಸು ನೋಯಬಾರದು ಎಂದು ನಾನು ಸುಳ್ಳು ಹೇಳಿದ್ದು ನಿಜ. ಹೇಳುವ ಧೈರ್ಯ ನನಗಿರಲಿಲ್ಲ ಎನ್ನುವುದು ಅದಕ್ಕಿಂತ ನಿಜ.

ಆಮೇಲೆ ನಾನು ಅವರಿಗೆ ಏನನ್ನೂ ಮುಚ್ಚಿಡಲಿಲ್ಲ. ಸ್ಕ್ರೂ ಸಡಿಲವಿದ್ದರೆ ಸಡಿಲ ಎಂದೆ, ಚಹಾಕ್ಕೆ ಸಕ್ಕರೆ ಹೆಚ್ಚಾದರೆ ಕಾಕುಗೆ ಹೇಳಿದೆ. ನನ್ನ ಬಾಯಿಗೆ ಬೇಸತ್ತು ಇಬ್ಬರೂ ಬೈಯುತ್ತಿದ್ದರು, ಆದರೆ ಕಾಕಾ ಕೆಲಸವನ್ನು ಮೊದಲು ನನಗೇ ತೋರಿಸುತ್ತಿದ್ದರು.

ಈ ವರ್ಷ ಆಷಾಢದಲ್ಲಿ ಹೊಟ್ಟೆಯ ಜಡ್ಡಿನಿಂದ ಮಲಗಿದರು. ನಾನು ನೋಡಲು ಹೋದ ದಿನ ಮನೆ ತುಂಬ ಜನ. ಬ್ಯಾಡಗಿಯ ದಲಾಲರು ಬಂದಿದ್ದರು, ಬೀಗರು ಬಂದಿದ್ದರು. ಎಲ್ಲರೂ ಮೊದಲಿಗಿಂತ ಛಲೋ ಕಾಣುತ್ತೀರಿ, ಪಂಚಮಿ ಹೊತ್ತಿಗೆ ಎದ್ದು ಓಡಾಡುತ್ತೀರಿ ಎನ್ನುತ್ತಿದ್ದರು. ಕಾಕಾ ಎಲ್ಲರಿಗೂ ಹೂಂ ಎಂದು ತಲೆ ಆಡಿಸಿ, ಕಡೆಗೆ ನನ್ನ ಕಡೆ ಹೊರಳಿದರು.

"ಏನವಾ, ಛಲೋ ಕಾಣ್ತೇನೇನ?"

ಕಾಕು ನನ್ನನ್ನೇ ನೋಡುತ್ತಿದ್ದರು.

"ಇಲ್ರಿ ಕಾಕಾ," ಎಂದೆ. "ಛಲೋ ಕಾಣವಲ್ರಿ."

ದಲಾಲರು ನನ್ನನ್ನು ದುರುಗುಟ್ಟಿ ನೋಡಿದರು. ಕಾಕಾ ಮಾತ್ರ ಒಂದು ದೊಡ್ಡ ಉಸಿರು ಬಿಟ್ಟು, ಮೆಲ್ಲಗೆ ಗೋಡೆಯ ಕಡೆ ಸರಿದು ಹಾಸಿಗೆಯಲ್ಲಿ ಜಾಗ ಮಾಡಿದರು.

"ಹಂಗಾರ ಕುಂದರು. ಬರಕೋ. ಮೇಜಿನ ಮ್ಯಾಲ ನಾಕ ಡಬ್ಬಿ ಅದಾವ. ಮೂರು ತಯಾರ ಆಗ್ಯಾವ, ಅವರವರಿಗೆ ಮುಟ್ಟಿಸು. ನಾಕನೇದ್ದು ನನ್ನಿಂದ ಆಗಲಿಲ್ಲ ಅಂತ ಹೇಳು. ಮತ್ತ್ಯಾರಿಗರ ತೋರಿಸ್ರಿ ಅಂತ ಹೇಳು."

ನಾಲ್ಕನೆಯದು ಗಳಗನಾಥ ಎಂಬ ಊರಿನ ಕಡೆಯವರದು. ಕಾಕಾ ತೀರಿಕೊಂಡು ಹನ್ನೆರಡು ದಿನವಾದ ಮೇಲೆ ನಾನೇ ಹೊತ್ತುಕೊಂಡು ಹೋದೆ. ಮನೆಯವರು ಡಬ್ಬಿ ಇಳಿಸಿಕೊಂಡು, ಆದರದಿಂದ ಕೂರಿಸಿ, "ಅಜ್ಜಾರು ಮಾಡೀರತಾರ ಬಿಡ್ರಿ" ಎಂದರು. ಇಲ್ಲ, ಅವರಿಂದ ಆಗಲಿಲ್ಲ, ಬೇರೆ ಯಾರಿಗಾದರೂ ತೋರಿಸಿ ಎಂದು ಅವರೇ ಹೇಳಿ ಕಳಿಸಿದ್ದಾರೆ ಎಂದೆ.